ರಾಣಿಗೆ ಮೊದಲು, ಚಿನ್ನಿಗೆ ಆಮೇಲೆ

ಶಿವಾಜಿನಗರದ ಬಸ್ ನಿಲ್ದಾಣದ ಬಳಿ ಬೇಯಿಸಿದ ಕಡಲೆಕಾಯಿಯ ವಾಸನೆ ಬಂದರೆ ನಿಮಗೆ ಹಸಿವಾಗಬಹುದು. ನನಗೆ ಮುನಿಯಮ್ಮನವರ ಬೈಗುಳ ನೆನಪಾಗುತ್ತದೆ.

ಕೆ.ಆರ್. ಪುರದಾಚೆ, ಆಡಿಸುವವರಿಂದಲೂ ಸಾಕಿ ಕಟ್ಟಿಹಾಕಿದವರಿಂದಲೂ ಬಿಡಿಸಿ ತಂದ ಕೋತಿಗಳಿಗೆ ಒಂದು ಆಶ್ರಯವಿದೆ. ಕೆಲವು ವರ್ಷಗಳಿಂದ ಭಾನುವಾರಗಳಲ್ಲಿ ನಾನಲ್ಲಿ ಬಿಟ್ಟಿ ಆಳು. ಅವನ್ನು ನೋಡಿಕೊಳ್ಳುವವರು ಕಗ್ಗದಾಸಪುರದ ಮುನಿಯಮ್ಮ. ಕೋತಿಯೆಂದರೆ ಎಲ್ಲವೂ ಒಂದೇ ಎಂದುಕೊಂಡು ಹೋಗಿದ್ದ ನನ್ನ ಜಂಬ ಒಂದೇ ವಾರದಲ್ಲಿ ಇಳಿಯಿತು. ಭೀಮ ಎಂಬ ಗಡವನಿಗೆ ಛತ್ರಿ ಕಂಡರೆ ನಡುಕ. ರಾಣಿ ಗುಂಪಿನ ಯಜಮಾನಿ, ಯಾವುದಕ್ಕೂ ಆತುರಪಡುವವಳಲ್ಲ. ಚಿನ್ನಿ ಮಾತ್ರ ಯಾರದೋ ಮನೆಯಲ್ಲಿ ಒಂಟಿಯಾಗಿ ಬೆಳೆದವಳು. ಕೋತಿಗಳ ನಡುವೆ ಹೇಗಿರಬೇಕೆಂಬುದೇ ಅವಳಿಗೆ ಗೊತ್ತಿರಲಿಲ್ಲ.

ಅವಳನ್ನು ಗುಂಪಿಗೆ ಬಿಟ್ಟ ದಿನ ನಾನು ನಮ್ಮ ಧಾರವಾಡದ ಮನೆಯ ಪದ್ಧತಿ ತೋರಿಸಿಬಿಟ್ಟೆ. ಹೊಸದಾಗಿ ಬಂದವರು ನೆಂಟರು, ನೆಂಟರಿಗೆ ಮೊದಲು ಬಡಿಸಬೇಕು. ಎಲ್ಲರೆದುರು ಚಿನ್ನಿಗೇ ಮೊದಲ ಹಿಡಿ ಕಡಲೆಕಾಯಿ ಕೊಟ್ಟೆ. ರಾಣಿ ಬಂದವಳೇ ಅವಳ ತೋಳು ಕಚ್ಚಿದಳು.

“ಏನ್ ಮಾಡ್ಬಿಟ್ರಿ ಸಾರ್?” ಅಂದರು ಮುನಿಯಮ್ಮ. “ದೊಡ್ಡೋಳು ತಿಂದ್ಮೇಲೆ ತಾನೇ ಮಿಕ್ಕೋರು?”

“ಹೊಸದಾಗಿ ಬಂದಾಕಿ ಅಲ್ರೀ, ಪಾಪ ಅನ್ನಿಸ್ತು.”

“ಪಾಪ ಅಂದ್ಬಿಟ್ಟು ನೀವು ಮನೆಗೋಗ್ತೀರ. ಇವ್ಳು ಇಲ್ಲೇ ಇರ್ಬೇಕಲ್ಲ.”

ಆ ಮಾತು ನನಗೆ ಚುಚ್ಚಿತು. ಗಾಯಕ್ಕೆ ಮದ್ದು ಹಾಕಿದ ಆಶ್ರಯದ ಡಾಕ್ಟರು, ಇನ್ನೊಂದೇ ಸಲ ನೋಡೋಣ, ಆಗಲೂ ಹೊಂದಿಕೊಳ್ಳದಿದ್ದರೆ ಚಿನ್ನಿಗೆ ಜೀವನವಿಡೀ ಒಂಟಿ ಗೂಡೇ ಗತಿ ಎಂದರು. ಗಾಯ ಮಾಯುವವರೆಗೆ ಅವಳು ಪಕ್ಕದ ಗೂಡಿನಲ್ಲಿ, ಜಾಲರಿಯ ಆಚೆ ಇದ್ದಳು. ನನಗೆ ಸೌತೆಕಾಯಿ ಹೆಚ್ಚುವುದಕ್ಕಿಂತ ಹೆಚ್ಚಿನ ಅಧಿಕಾರವಿರಲಿಲ್ಲ.

ಎರಡನೆಯ ಸಲ ಬಾಗಿಲು ತೆಗೆದಾಗ ಮುನಿಯಮ್ಮ ಮೊದಲು ರಾಣಿಯ ಮುಂದೆ ಕಡಲೆಕಾಯಿ ಇಟ್ಟರು. ಉಳಿದದ್ದನ್ನು ಒಣಹುಲ್ಲಿನಲ್ಲಿ ಚೆಲ್ಲಿದರು, ಅವರವರು ಹುಡುಕಿಕೊಳ್ಳಲಿ ಎಂದು. ಚಿನ್ನಿ ಮೂಲೆಯಲ್ಲೇ ಇದ್ದಳು. ಬಹಳ ಹೊತ್ತಿನ ಮೇಲೆ ಇಂಚಿಂಚಾಗಿ ಸರಿದು ರಾಣಿಯ ಪಕ್ಕಕ್ಕೆ ಬಂದಳು. ರಾಣಿ ಅವಳ ಕಡೆ ನೋಡದೆ ಬೆನ್ನು ತಿರುಗಿಸಿ ಕೂತಳು. ಚಿನ್ನಿ ಆ ಬೆನ್ನಿನ ಕೂದಲನ್ನು ಬಿಡಿಸಿ ಹೇನು ಹೆಕ್ಕತೊಡಗಿದಳು. ನನಗೆ ಕಣ್ಣು ತುಂಬಿ ಬಂತು, ಹೇಳಿಕೊಳ್ಳಲು ಸಂಕೋಚವೇನಿಲ್ಲ.

ಈಗ ಯಾರಿಗೆ ಏನು, ಯಾವಾಗ ಕೊಡಬೇಕೆಂದು ನನಗೆ ಗೊತ್ತು. ಗೊತ್ತಿಲ್ಲದಿದ್ದರೆ ಕೈ ಕಟ್ಟಿ ನಿಲ್ಲುವುದೂ ಗೊತ್ತು. ಚಿನ್ನಿ ಇವತ್ತಿಗೂ ನನ್ನ ಕೈಯಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ. ಕಳೆದ ಭಾನುವಾರ ತಾಯಿಯಿಲ್ಲದ ಮರಿಯೊಂದನ್ನು ಗುಂಪಿಗೆ ಬಿಟ್ಟರು. ನಾನು ಕದಲಲಿಲ್ಲ. ಚಿನ್ನಿಯೇ ಇಳಿದು ಬಂದು ಅದನ್ನು ಹೊಟ್ಟೆಗೆ ಅವುಚಿಕೊಂಡು ರಾಣಿಯ ಹತ್ತಿರ ಒಯ್ದಳು.