ಸೂಟ್‌ಕೇಸಿಗೆ ಕಟ್ಟಿದ ಕದಿರು

ಅಚ್ಚಾಗಿರುವುದನ್ನು ನಂಬು, ಬಾಯಿಮಾತನ್ನಲ್ಲ ಎಂದು ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ಕಲಿಸಿದ್ದರು. ಹಾಗೆ ನಂಬಿಯೇ ಬ್ರಹ್ಮಾವರದಲ್ಲಿ ‘ಕುಂದಾಪುರ’ ಎಂದು ಬೋರ್ಡಿದ್ದ ಬಸ್ಸು ಹತ್ತಿದೆ. ಆ ಕಡೆಯವರು ಬೋರ್ಡು ಓದುವುದಿಲ್ಲ, ಕಂಡಕ್ಟರ್ ಕೂಗುವುದನ್ನು ಕೇಳುತ್ತಾರೆ. ಬೋರ್ಡಿನಲ್ಲಿ ಬಸ್ಸು ದಿನವಿಡೀ ಸುತ್ತುವ ಊರುಗಳೆಲ್ಲ ಇರುತ್ತವಂತೆ. ಮೈಸೂರಿನಿಂದ ಮೊದಲ ಸಲ ಅಲ್ಲಿಗೆ ಬಂದವಳಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಬಸ್ಸು ಹೈವೇ ಬಿಟ್ಟು ಗದ್ದೆಗಳ ನಡುವೆ ತಿರುಗಿದಾಗಲೂ ಶಾರ್ಟ್‌ಕಟ್ ಇರಬೇಕೆಂದು ಆರಾಮಾಗಿ ಕೂತಿದ್ದೆ.

“ಕುಂದಾಪ್ರಕ್ಕಾ? ಇದ್ ಕೊಕ್ಕರ್ಣೆಗ್ ಹೋಪುದ್ ಅಮ್ಮ,” ಎಂದಳು ಪಕ್ಕದ ಸೀಟಿನ ಹೆಂಗಸು.

ನಾನು ಹೋಗಬೇಕಿದ್ದದ್ದು ಗಂಗೊಳ್ಳಿಗೆ. ಹಾಸ್ಟೆಲ್ಲಿನಲ್ಲಿ ಆರು ವರ್ಷ ನನ್ನ ರೂಮ್‌ಮೇಟ್ ಆಗಿದ್ದ ಗೆಳತಿ ಅಲ್ಲಿದ್ದಳು. ಅವಳ ದೃಷ್ಟಿ ದಿನೇ ದಿನೇ ಮಂಕಾಗುತ್ತಿತ್ತು. ಮಗಳು ಅವಳನ್ನು ಅದೇ ದಿನ ನಾಲ್ಕು ಗಂಟೆಯ ರೈಲಿಗೆ ಕುಂದಾಪುರ ಸ್ಟೇಷನ್ನಿನಿಂದ ಮುಂಬೈಗೆ, ಇನ್ನು ಅಲ್ಲೇ ಇರಲು, ಕರೆದೊಯ್ಯುವವಳಿದ್ದಳು. “ಫೋನಿನಲ್ಲಿ ನೀನು ಬರೀ ಮಬ್ಬು ಕಣೇ. ಪೂರ್ತಿ ಕತ್ತಲಾಗೋ ಮೊದಲು ಹತ್ತಿರ ಬಾ, ಒಂದ್ಸಲ ಮುಖ ನೋಡ್ತೀನಿ,” ಅಂದಿದ್ದಳು.

ಕೊಕ್ಕರ್ಣೆಯಲ್ಲಿ ಇಳಿದಾಗ ಹನ್ನೊಂದು ಗಂಟೆ. ರಿಕ್ಷಾ ಸ್ಟ್ಯಾಂಡು ಖಾಲಿ. “ಇವತ್ತ್ ಹೊಸ್ತ್ ಅಲ್ದಾ, ಹೊಸ ಅಕ್ಕಿ ಹಬ್ಬ, ಎಲ್ಲ ಮನೇಲೇ ಇರ್ತ್ರ್. ಬನಿ, ನಮ್ಮನೆಯವ್ರದ್ದೂ ರಿಕ್ಷಾ ಇತ್ತ್, ಕುಂದಾಪ್ರಕ್ಕೆ ಬಿಡ್ತ್ರ್,” ಎಂದು ಆ ಹೆಂಗಸು ನನ್ನ ಸೂಟ್‌ಕೇಸನ್ನು ಎತ್ತಿಕೊಂಡೇ ಬಿಟ್ಟಳು. ನಡೆಯುತ್ತ, “ಪ್ರಾಯ ಎಷ್ಟಾಯ್ತ್ ಅಮ್ಮ?” ಎಂದಳು. ಅರವತ್ತೊಂಬತ್ತು ಎಂದೆ. ಕೂದಲಿಗೆ ಡೈ ಹಚ್ಚುವಷ್ಟು ದಿನವೂ ನಾನು ಅರವತ್ತೊಂಬತ್ತೇ.

ಮನೆಯಲ್ಲಿ ಅವಳ ಗಂಡ ಆಗಷ್ಟೇ ಗದ್ದೆಯಿಂದ ಹೊಸ ಭತ್ತದ ಕದಿರು ತಂದಿದ್ದ. ಮಾವಿನೆಲೆ, ಹಲಸಿನೆಲೆಗಳ ಜೊತೆ ಸುತ್ತಿ, ನಾರಿನಿಂದ ಬಾಗಿಲಿಗೆ, ಬಾವಿಕಟ್ಟೆಗೆ, ಅಕ್ಕಿ ಡಬ್ಬಕ್ಕೆ, ಕೊನೆಗೆ ರಿಕ್ಷಾದ ಹ್ಯಾಂಡಲ್ಲಿಗೂ ಕಟ್ಟಿದ. ಹೌ ಪ್ರೆಟಿ ಎಂದು ನೋಡುತ್ತಿರುವಾಗಲೇ ಜಗಲಿಯಲ್ಲಿದ್ದ ನನ್ನ ಸೂಟ್‌ಕೇಸಿಗೂ ಒಂದು ಕಟ್ಟಿದ.

“ಕದ್ರ್ ಒಳ್ಗ್ ಬಪ್ಪತ್ತಿಗೆ ಮನೇಲಿ ಇದ್ದೋರ್ ಹೊಸ ಅಕ್ಕಿ ಅನ್ನ ಉಣ್ದೆ ಹೋಪುಕಾಗ,” ಎಂದರು ಅವನ ತಾಯಿ. “ಉಂಡ್ ಆದ್ ಕೂಡ್ಲೆ ಬಿಡ್ತ.”

ಒಂದು ಗಂಟೆಗೆ ಎಲೆ ಹಾಕಿದರು. ಆದರೆ ಯಾರೂ ಕೂರಲಿಲ್ಲ. ಮನೆಗೆ ಹಿರಿಯರಾದ ದೊಡ್ಡಮಾವ, ಎಪ್ಪತ್ತನಾಲ್ಕರವರು, ಬೈಂದೂರಿನಿಂದ ಬರಬೇಕಿತ್ತು. ಎಲ್ಲರೂ ಅವರನ್ನು ‘ಹೊಸ್ತ್ ಉಂತೆ’, ಅಂದರೆ ಹೊಸತು ಉಣ್ಣುತ್ತೇನೆ, ಎಂದು ಕೇಳಿ, ಅವರು ‘ಉಣಿ’ ಎಂದ ಮೇಲೆಯೇ ಅನ್ನಕ್ಕೆ ಕೈ. ಅವರ ಕಾರು ಹೈವೇಯಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡಿತ್ತು.

ಒಂದೂವರೆ. ಎರಡು. ಗೆಳತಿಯ ಮಗಳಿಗೆ ಫೋನ್ ಮಾಡಿದೆ. “ಆಂಟಿ, ನಾವು ಮೂರಕ್ಕೆ ಮನೆ ಬಿಡ್ತೀವಿ. ನೀವು ಸೀದಾ ಸ್ಟೇಷನ್ನಿಗೇ ಬನ್ನಿ.” ಜಗಲಿಯಿಂದ ರಿಕ್ಷಾ ಕಾಣುತ್ತಿತ್ತು, ರಿಕ್ಷಾದವನೂ ಕಾಣುತ್ತಿದ್ದ. ಬಾಗಿಲಿಗೆ ಬೀಗವಿಲ್ಲ, ಬೈದವರಿಲ್ಲ. ಇಷ್ಟು ಒಳ್ಳೆಯವರ ನಡುವೆ ಕೈದಿಯಾಗಿ ಕೂತಿದ್ದೆ. ಕದಿರು ಬಿಚ್ಚಿ ಓಡಿಬಿಡಲೇ ಎಂದು ನಾರಿನ ಗಂಟನ್ನು ಎರಡು ಸಲ ಮುಟ್ಟಿದೆ. ಓಡಿ ಎಲ್ಲಿಗೆ?

ಎರಡೂವರೆಗೆ ಬೇರೆ ದಾರಿಯಿಲ್ಲದೆ ಎದ್ದು ನಿಂತೆ. “ಎಕ್ಸ್‌ಕ್ಯೂಸ್ ಮಿ. ನನಗೆ ಎಪ್ಪತ್ತೆಂಟು.”

ತಾಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಬೆಳಿಗ್ಗೆ ಅರವತ್ತೊಂಬತ್ತ್ ಅಂದ್ರಂಬ್ರ್. ನಮ್ಮನಿ ಜಗ್ಲಿ ಮೇಲೆ ಕೂಕಂಡೇ ಒಂಬತ್ ವರ್ಷ ಆಯ್ತಾ?”

“ಹಸಿವಿಗೆ ಪ್ರಾಯ ಆಪುದೇ ಅಬ್ಬಿ,” ಎಂದ ಮಗ. ಮೊದಲು ನಕ್ಕವರು ತಾಯಿಯೇ. ಆಮೇಲೆ ಫೋನಿನಲ್ಲಿ ದೊಡ್ಡಮಾವನಿಗೆ ವರದಿ ಹೋಯಿತು. “ಎಪ್ಪತ್ತೆಂಟ್ ಆದ್ರೆ ಅವ್ರೇ ಹೇಳ್ಲಿ ಮಾರಾಯ್ತಿ, ಮಕ್ಳ್ ಉಣ್ಲಿ,” ಎಂದಿತು ಆ ಕಡೆಯ ದನಿ.

ಹಾಸ್ಟೆಲ್ಲಿನಲ್ಲಿ ನೀರು ಕುಡಿಯಲೂ ‘ಮೇ ಐ’ ಎಂದು ಕೇಳಿ ಬೆಳೆದವಳು ನಾನು. ಈಗ ಒಬ್ಬೊಬ್ಬರಾಗಿ ನನ್ನ ಕಾಲು ಮುಟ್ಟಿ, “ಹೊಸ್ತ್ ಉಂತೆ,” ಎಂದರು. “ಉಣ್ಣಿ,” ಎಂದೆ. ಮುಂದಿನದನ್ನು ಯಾರೂ ಹೇಳಿರಲಿಲ್ಲ. ಅಪ್ಪಣೆ ಕೊಟ್ಟವರು ಪಂಕ್ತಿಯ ಕೊನೆಯವರು ಉಂಡು ಮುಗಿಸುವ ತನಕ ಏಳುವಂತಿಲ್ಲ. ತಾಯಿಗೆ ಹಲ್ಲಿರಲಿಲ್ಲ. ಪಾಯಸವನ್ನು ಅವರು ಬೆರಳಿನಿಂದ ಒಂದೊಂದೇ ತೊಟ್ಟು ತಿಂದರು.

ಮೂರೂಕಾಲಿಗೆ ಹೊರಟೆವು. ಪಾಪ, ಆತ ರಿಕ್ಷಾವನ್ನು ಹಾರಿಸಿದ. ಆದರೂ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ನನಗೆ ಕಂಡದ್ದು ರೈಲಿನ ಬೆನ್ನು ಮಾತ್ರ.

ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು ಗೆಳತಿಗೆ ಫೋನ್ ಮಾಡಿದೆ. ಯಾಕೆ ತಡವಾಯಿತು ಎಂದು ಹೇಳಿದೆ.

“ಕದ್ರ್ ಕಟ್ಟಿದ ಮನೆಯಿಂದ ಉಣ್ಣದೆ ಬಂದಿದ್ರೆ ನಾನೇ ಬಯ್ತಿದ್ದೆ,” ಎಂದಳು. ಆಮೇಲೆ, “ಈಗ ನೋಡೋಕೆ ಹೇಗಿದ್ದೀಯೇ?”

ಆ ದಿನ ಎರಡನೆಯ ಸಲ ನಿಜ ಹೇಳಿದೆ. ಡೈ ಕೆಳಗೆ ಎಲ್ಲ ಬಿಳಿ. ಎಡಗೆನ್ನೆ ಜೋತುಬಿದ್ದಿದೆ. ಮುಂದಿನ ಹಲ್ಲು ಕಟ್ಟಿಸಿದ್ದು. ಗಲ್ಲದ ಮೇಲಿನ ಮಚ್ಚೆ ಇದ್ದಲ್ಲೇ ಇದೆ. ಅವಳು ಒಂದೊಂದಕ್ಕೂ “ಹ್ಞಾಂ” ಎನ್ನುತ್ತಿದ್ದಳು.

“ಪಕ್ಕದ ಮನೆಯವರು ಹೊಸ ಅಕ್ಕಿ ಅನ್ನ ಡಬ್ಬಿಗೆ ಹಾಕಿ ಕೊಟ್ಟಿದ್ದಾರೆ,” ಎಂದಳು. “ಹೇಳೋಕೆ ದೊಡ್ಡವರು ಯಾರೂ ಇಲ್ಲ ಅಂತ ಹಾಗೇ ಇಟ್ಟಿದ್ದೆ. ನೀನು ನನಗಿಂತ ಮೂರು ತಿಂಗಳು ದೊಡ್ಡವಳು.” ಆಮೇಲೆ, ಹಾಸ್ಟೆಲ್ಲಿನಲ್ಲಿ ಆಡಿದರೆ ಪನಿಶ್‌ಮೆಂಟ್ ಸಿಗುತ್ತಿದ್ದ ತನ್ನ ಊರಿನ ಮಾತಿನಲ್ಲಿ, “ಹೊಸ್ತ್ ಉಂತೆ,” ಎಂದಳು.

“ಉಣ್ಣೇ,” ಎಂದೆ. ಡಬ್ಬಿಯ ಮುಚ್ಚಳ ತೆರೆದ ಸದ್ದು ಕೇಳಿಸಿತು. ಪಂಕ್ತಿಯ ನಿಯಮದಂತೆ, ಅವಳ ಊಟ ಮುಗಿಯುವ ತನಕ ನಾನು ಆ ಬೆಂಚಿನಿಂದ ಏಳಲಿಲ್ಲ.