ಬಿದಿರಪ್ಪನೂ ಅವನ ಚೇಷ್ಟೆಯೂ

ನಾನೊಬ್ಬ ವೀರನನ್ನು ಸಾಕಿಕೊಂಡಿದ್ದೇನೆ. ದಾಂಡೇಲಿಯ ನಮ್ಮ ಬಾಡಿಗೆ ಮನೆಯಲ್ಲಿ ಅವನಿಗೊಂದು ಮೇಜು, ಎರಡು ಪೆನ್ಸಿಲು, ಊಟದ ಖರ್ಚಿಲ್ಲ. ಹೆಸರು ಬಿದಿರಪ್ಪ. ಬಾಗುತ್ತಾನೆ, ಮುರಿಯುವುದಿಲ್ಲ. ಬೆನ್ನಿಗೆ ಕಂಬಳಿ ಕಟ್ಟಿಕೊಂಡು ಹಳಿಯಾಳದಿಂದ ಜೋಯಿಡಾದವರೆಗೆ ಹಾರಾಡಿ ದುಷ್ಟರನ್ನು ಸದೆಬಡಿಯುವ ಅವನ ಚಿತ್ರಕಥೆ ಹುಬ್ಬಳ್ಳಿಯ ಮಕ್ಕಳ ಮಾಸಿಕವೊಂದರಲ್ಲಿ ಬರುತ್ತದೆ. ಕಷ್ಟವೆಂದರೆ ಅವನಿಗೂ ನನ್ನದೇ ಚಟ, ಬಾಯಿ ತೆರೆದರೆ ಚೇಷ್ಟೆ. ರಾಕ್ಷಸ ಕುತ್ತಿಗೆ ಹಿಸುಕುತ್ತಿದ್ದರೂ "ಮೊದಲ ಉಗುರು ಕತ್ತರಿಸ್ಕೊಂಡ್ ಬಾರೋ ಮಾರಾಯಾ" ಎನ್ನುತ್ತಾನೆ.

ಕೊನೆಗೊಮ್ಮೆ ಸಂಪಾದಕರು ಫೋನು ಮಾಡಿದರು. "ನಗಿ ಬರ್ತೈತ್ರೀ, ಎದಿ ಮಾತ್ರ ಝಲ್ ಅನ್ನೂದಿಲ್ಲ. ಮುಂದಿನ ಕಂತೂ ಹಿಂಗ ಆದ್ರ ನಿಲ್ಲಿಸಿಬಿಡೂಣು." ನನ್ನ ಎದೆಯಂತೂ ಝಲ್ಲೆಂದಿತು.

ಹಾಸ್ಯಕ್ಕೂ ಭಯಾನಕಕ್ಕೂ ಎಣ್ಣೆ-ಸೀಗೆಕಾಯಿ ಸಂಬಂಧ ಎನ್ನುತ್ತಾರೆ ಅಲಂಕಾರಶಾಸ್ತ್ರದವರು. ನಮ್ಮ ದೊಡ್ಡಾಟದವರು ಅದನ್ನು ಓದಿದಂತಿಲ್ಲ. ಅಲ್ಲಿ ರಂಗಕ್ಕೆ ಗದೆ ತಿರುಗಿಸುತ್ತ ಬಂದ ರಾಕ್ಷಸನನ್ನೂ ಆಟ ನಡೆಸುವ ಸಾರಥಿ ಛೇಡಿಸುತ್ತಾನೆ. ಆದರೂ ಹೆದರಿದವನಿಗೆ ಶಾಸ್ತ್ರವೇ ಆಸರೆ. ಚೇಷ್ಟೆಯನ್ನೆಲ್ಲ ಅಳಿಸಿಹಾಕಿದೆ. ಕ್ಯಾಸಲ್‌ರಾಕ್ ಘಟ್ಟದಲ್ಲಿ ಬ್ರೇಕು ಹಿಡಿಯದ ರೈಲು. ಅದಕ್ಕೆ ಎದೆಗೊಡಲು ಹೊರಟ ಬಿದಿರಪ್ಪ ಮನೆಯ ಬಾಗಿಲಲ್ಲಿ ನಿಂತು, ಮುಖ ಬಿಗಿದುಕೊಂಡು, "ಹೋಗ್ತೇನಿ, ಅವ್ವಾ" ಎನ್ನುತ್ತಾನೆ.

ಹಾಳೆಯನ್ನು ಹೆಂಡತಿಯ ಮುಂದಿಟ್ಟೆ. ಧಾರವಾಡದ ಕಡೆಯವಳು, ರೊಟ್ಟಿ ಬಡಿಯುತ್ತಲೇ ಓದತೊಡಗಿದಳು. ಬಡಿಯುವ ಸದ್ದು ನಿಂತಿತು.

"ಅಯ್ಯ ಶಿವನ! ಹೊರಗ ಹೊಂಟಾಂವ ಹೋಗ್ತೇನಿ ಅಂತಾನೇನ್ರೀ? ಬರ್ತೇನಿ ಅನಬೇಕು. ಬಿಡ್ತು ಅನ್ರಿ ಮೊದಲ! ಏನರ ಆಗಿ-ಗೀಗೀತು!"

ಇಷ್ಟು ದಿನ ಬಿದಿರಪ್ಪನ ಮೇಲೆ ಗುಡ್ಡವೇ ಉರುಳಿದರೂ ಹಿಟ್ಟಿನ ಕೈ ನಿಲ್ಲಿಸದವಳು ಒಂದು ಮಾತಿಗೆ ಬೆವರಿದ್ದಳು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಚಿತ್ರ ಮತ್ತೆ ಬರೆದೆ. ಅತ್ತ ರೈಲು ನುಗ್ಗಿ ಬರುತ್ತಿದೆ. ಇತ್ತ ಅವ್ವ ಮಗನ ಕಂಬಳಿಯ ತುದಿ ಹಿಡಿದು ಜಗ್ಗುತ್ತಿದ್ದಾಳೆ: "ಬರ್ತೇನಿ ಅನ್ನೂತನಕಾ ಬಿಡೂದಿಲ್ಲ!"

"ಅವ್ವಾ, ರೈಲು ಬಂತಬೇ!"

"ಬರ್ಲಿ. ನೀ ಮೊದಲ ಬರ್ತೇನಿ ಅನ್ನು!"

ಬರೆಯುತ್ತ ನಾನೇ ನಕ್ಕೆ. ಆಮೇಲೆ ಅವನು "ಬರ್ತೇನಿ, ಅವ್ವಾ" ಎಂದು ಹಾರಿಹೋದ. ಕಂಬಳಿ ಬಿಟ್ಟ ಅವ್ವನ ಬರಿಗೈ ಬರೆಯುವಾಗ ನಾನೇ ಹೆದರಿದೆ. ನಗಿಸಿದ್ದೂ ಹೆದರಿಸಿದ್ದೂ ಒಂದೇ ಮಾತು. ನಾನು ಎರಡನ್ನೂ ಬೇರೆ ಬೇರೆ ತೂಗುತ್ತ ಒದ್ದಾಡಿದ್ದೆ. ಕಂತನ್ನು ಮರುದಿನವೇ ಕಳಿಸಿದೆ.

ಓದಿದ ಸಂಪಾದಕರು ಸರಣಿ ನಿಲ್ಲಿಸುವ ಮಾತೇ ಎತ್ತಲಿಲ್ಲ. "ರೈಲಿನ ಸುದ್ದಿ ಬಿಡ್ರಿ," ಎಂದರು, "ಆ ಹುಡುಗ ಮನಿಗೆ ಹೊಳ್ಳಿ ಬಂದ್ನೋ ಇಲ್ಲೋ, ಅಷ್ಟು ಹೇಳ್ರಿ."

"ಬರ್ತಾನ್ರೀ," ಎಂದುಬಿಟ್ಟೆ. ಹೇಗೆ ಬರುತ್ತಾನೆಂದು ನನಗಿನ್ನೂ ಗೊತ್ತಿರಲಿಲ್ಲ. ಆದರೆ ಅವ್ವನಿಗೆ ಮಾತು ಕೊಟ್ಟವನು, ಬಾರದೆ ಎಲ್ಲಿ ಹೋದಾನು!