ಕಲ್ಲಿನ ಪಕ್ಕ ಇಟ್ಟ ಕೈ

ನನ್ನ ಅತ್ತಿಗೆ ನನ್ನನ್ನು ಎಲ್ಲಿಗೂ ಕರೆದುಕೊಂಡು ಹೋಗುವವಳಲ್ಲ. ಆ ಭಾನುವಾರ ಭದ್ರಾವತಿಗೆ ಕರೆದುಕೊಂಡು ಹೋದದ್ದು ಅಣ್ಣ ಹಟ ಹಿಡಿದನೆಂದು. ಅವರ ಮಗಳಿಗೆ ನ್ಯೂ ಟೌನಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗನ ಕಡೆಯವರು ಶಿವಮೊಗ್ಗಕ್ಕೆ ಬಂದು ಹುಡುಗಿ ನೋಡಿ ಒಪ್ಪಿ ಹೋಗಿದ್ದರು. ಇನ್ನು ನಾವು ಹೋಗಿ ಅವರ ಮನೆ ನೋಡಿಕೊಂಡು ಬರುವುದಿತ್ತು. ಹುಡುಗಿಯನ್ನೂ ಕರೆತನ್ನಿ ಎಂದು ಅವರೇ ಹೇಳಿದ್ದರು.

"ಇರೋಳು ಒಬ್ಬಳೇ ತಂಗಿ, ಬಿಟ್ಟು ಹೋದ್ರೆ ಅವರು ಕೇಳ್ತಾರೆ" ಎಂದು ಅಣ್ಣ ಕೆಳಗಿನ ಮನೆಯಲ್ಲಿ ಹೇಳುತ್ತಿದ್ದುದು ಮಹಡಿಯ ಮೇಲಿದ್ದ ನನಗೆ ಕೇಳಿಸಿತು. ಅತ್ತಿಗೆಯ ಉತ್ತರವೂ ಕೇಳಿಸಿತು.

"ಬಿಟ್ಟು ಹೋದ್ರೆ ಕೇಳ್ತಾರೆ, ಕರ್ಕೊಂಡು ಹೋದ್ರೆ ನೋಡ್ತಾರೆ. ಯಾವ್ದು ವಾಸಿ ನೀವೇ ಹೇಳಿ."

ನನಗೆ ತೊನ್ನು ಇದೆ. ಪಿಯುಸಿ ಓದುವಾಗ ಬೆರಳ ಸಂದಿಯಲ್ಲಿ ಶುರುವಾಗಿ ಎರಡೂ ಕೈಗಳ ಮೇಲೆ, ಕತ್ತಿನಲ್ಲಿ, ಗದ್ದದ ಕೆಳಗೆ ಹರಡಿತು. ಹರಡಿ ನಿಂತಿದೆ. ಮೂವತ್ತು ವರ್ಷವಾಯಿತು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ, ಮಕ್ಕಳು ಮೊದಲ ವಾರ ನೋಡುತ್ತಾರೆ, ಆಮೇಲೆ ಮರೆಯುತ್ತಾರೆ. ಅತ್ತಿಗೆ ಮಾತ್ರ ಮರೆತವಳಲ್ಲ. ಮದುವೆಯಾಗಿ ಬಂದ ತಿಂಗಳಲ್ಲೇ ನನ್ನ ಲೋಟ ಬೇರೆ ಇಟ್ಟಳು. ಮಗಳು ಹುಟ್ಟಿದ ಮೇಲೆ ನನ್ನ ಕೈತುತ್ತು ಅವಳ ಬಾಯಿಗೆ ಹೋಗದಂತೆ ಕಾದಳು. ಹುಡುಗಿ ನೋಡಲು ಬೀಗರು ಬಂದದ್ದೂ ಒಂದು ಬುಧವಾರ, ನಾನು ಶಾಲೆಯಲ್ಲಿ ಇರುವ ಹೊತ್ತಿಗೆ. ಆ ದಿನವನ್ನು ಆರಿಸಿದವಳು ಯಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಆದ್ದರಿಂದ ನಾನು ಬೇಕೆಂದೇ ಹೋದೆ. ಒಳ್ಳೆಯ ಸೀರೆ ಉಟ್ಟೆ. ಆದರೂ ಮದುವೆಮುಂಜಿಗೆಂದು ಇಟ್ಟುಕೊಂಡ ಮೈಬಣ್ಣದ ಕ್ರೀಮನ್ನು ಕೈಗೂ ಗದ್ದಕ್ಕೂ ಹಚ್ಚಿಕೊಂಡೆ. ನನ್ನ ಧೈರ್ಯ ಅಷ್ಟೇ.

ಹುಡುಗನ ಮನೆ ನ್ಯೂ ಟೌನಿನಲ್ಲಿ, ಕಾರ್ಖಾನೆಯ ಹಳೆಯ ಕ್ವಾರ್ಟರ್ಸ್ ಸಾಲಿನ ಹಿಂದೆ. ಹುಡುಗ ಡ್ಯೂಟಿಗೆ ಹೋಗಿದ್ದ. ಅವನ ತಾಯಿ ನಮಗೆ ಉಪ್ಪಿಟ್ಟು, ಕೇಸರಿಬಾತು ಕೊಟ್ಟರು. ಚೊಕ್ಕ ಮಾತಿನ ಹೆಂಗಸು. ನನ್ನ ಕಡೆ ಒಂದು ಸಲ ನೋಡಿ, "ಇವರು ಅವತ್ತು ಇರ್ಲಿಲ್ಲ ಅಲ್ವಾ?" ಎಂದರು. "ಅವಳಿಗೆ ಸ್ಕೂಲು, ರಜ ಸಿಗಲ್ಲ" ಎಂದಳು ಅತ್ತಿಗೆ. ತಿಂಡಿಯಾದ ಮೇಲೆ ನಾನು ಹಿತ್ತಲ ನಲ್ಲಿಯಲ್ಲಿ ಕೈ ತೊಳೆದೆ. ಕ್ರೀಮು ಅರ್ಧಕ್ಕರ್ಧ ನೀರಿನಲ್ಲಿ ಹೋಯಿತು. ಸೆರಗು ಹೊದ್ದು ಕೈ ಮುಚ್ಚಿಕೊಂಡೆ.

"ಬನ್ನಿ, ನಮ್ಮ ಭಾವನವರ ಮ್ಯೂಸಿಯಂ ನೋಡದೆ ಹೋದ್ರೆ ಅವರು ಬೇಜಾರ್ ಮಾಡ್ಕೊಳ್ತಾರೆ" ಎಂದರು ಆಕೆ. ಭಾವನವರೆಂದರೆ ಹುಡುಗನ ದೊಡ್ಡಪ್ಪ. ಕಾರ್ಖಾನೆಯ ಲ್ಯಾಬಿನಲ್ಲಿ ಸುಣ್ಣಕಲ್ಲು, ಅದಿರು ಪರೀಕ್ಷಿಸುತ್ತಿದ್ದವರು, ನಿವೃತ್ತರಾದ ಮೇಲೆ ಪಕ್ಕದ ಮನೆಯ ಹಿಂದಿನ ಕೋಣೆಯಲ್ಲಿ ಕತ್ತಲಲ್ಲಿ ಹೊಳೆಯುವ ಕಲ್ಲುಗಳನ್ನೂ ತಾವೇ ಬರೆದ ಚಿತ್ರಗಳನ್ನೂ ಇಟ್ಟುಕೊಂಡಿದ್ದರು. ಬಾಗಿಲಿಗೆ ಕೈಬರಹದ ಬೋರ್ಡು. "ಮುಟ್ಟಬಾರದು. ಮಾತಾಡಬಾರದು. ಮೊಬೈಲ್ ತೆಗೆಯಬಾರದು." ಅಣ್ಣ ಮತ್ತು ಹುಡುಗನ ತಂದೆ ನಡುಮನೆಯಲ್ಲೇ ಉಳಿದರು. ಹೊರಟವರು ನಾವು ಹೆಂಗಸರು ನಾಲ್ವರು.

ಬಾಗಿಲ ಬಳಿ ಅಣ್ಣನ ಮಗಳು ನನ್ನ ತೋಳು ಹಿಡಿದು ಎಳೆದಳು. ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮುಗಿಸಿದ ಹುಡುಗಿ.

"ಅತ್ತೆ, ನೀವು ಒಳಗೆ ಬರ್ಬೇಡಿ. ಹೊರಗೇ ಇರಿ" ಎಂದು ಪಿಸುಗುಟ್ಟಿದಳು.

ತಾಯಿಯ ಬುದ್ಧಿ ಇವಳಿಗೂ ಬಂತು ಎಂದುಕೊಂಡೆ. ಇಪ್ಪತ್ತಮೂರು ವರ್ಷ ಕಣ್ಣೆದುರು ಬೆಳೆದವಳು. ಅವಳ ಕೈ ಕೊಡವಿ ಎಲ್ಲರಿಗಿಂತ ಮೊದಲು ನಾನೇ ಒಳಗೆ ಹೋದೆ.

ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದ್ದ ಸಣ್ಣ ಕೋಣೆ. ನಡುವೆ ಗಾಜಿನ ಮೇಜು, ಅದರ ಮೇಲೆ ಜಲ್ಲಿಯಂತೆ ಕಾಣುವ ಬೂದು ಕಲ್ಲುಗಳು. ಗೋಡೆಯಲ್ಲಿ ಚಿತ್ರಗಳು, ಸಾದಾ ದೀಪದ ಬೆಳಕಿನಲ್ಲಿ ಮಕ್ಕಳು ಗೀಚಿದಂತಿದ್ದವು. ದೊಡ್ಡಪ್ಪ ನಮ್ಮನ್ನು ಕ್ಲಾಸಿನ ಮಕ್ಕಳಂತೆ ಸಾಲಾಗಿ ನಿಲ್ಲಿಸಿದರು. "ಸೀರೆ ಕಲ್ಲಿಗೆ ತಾಗಬಾರ್ದು. ಕಳೆದ ಸಲ ಯಾರೋ ಒಬ್ರು ಸೆರಗು ಬೀಸಿ ಒಂದು ಒಡೆದ್ರು" ಎಂದು ನಮ್ಮನ್ನೇ ಗದರಿಸಿದರು. ಬಾಗಿಲು ಹಾಕಿ ದೀಪ ಆರಿಸಿದರು. ಆಮೇಲೆ ನೇರಳೆ ದೀಪ ಹಾಕಿದರು.

ಕಲ್ಲುಗಳು ಹೊತ್ತಿಕೊಂಡವು. ಒಂದು ಕೆಂಡದ ಕೆಂಪು, ಒಂದು ಎಳೆ ಹಸಿರು, ಒಂದು ನೀಲಿ. ಗೋಡೆಯ ಚಿತ್ರದಲ್ಲಿ ಕಾರ್ಖಾನೆಯ ಕುಲುಮೆಯಿಂದ ಕರಗಿದ ಕಬ್ಬಿಣ ಕಿತ್ತಳೆ ಬಣ್ಣದಲ್ಲಿ ಸುರಿಯುತ್ತಿತ್ತು. ಚೆನ್ನಾಗಿತ್ತು, ಒಪ್ಪಬೇಕು. ಬೀಗಿತಿಯ ಕೆನ್ನೆಯ ಅರಿಶಿನ ಹಳದಿಯಾಗಿ ಬೆಳಗುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಆಕೆ ನನ್ನ ಕೈ ನೋಡುತ್ತಿದ್ದರು.

ಸೆರಗಿನಿಂದ ಹೊರಗೆ ಬಂದಿದ್ದ ನನ್ನ ಎರಡೂ ಕೈ ಆ ಬೆಳಕಿನಲ್ಲಿ ನೀಲಿ ಬೆರೆತ ಬಿಳಿಯಾಗಿ ಉರಿಯುತ್ತಿದ್ದವು. ಹಗಲಿನಲ್ಲಿ ಎಂದೂ ಅಷ್ಟು ಎದ್ದು ಕಂಡದ್ದಿಲ್ಲ. ಎದುರಿನ ಗಾಜಿನ ಬೀರುವಿನಲ್ಲಿ ನನ್ನ ಮುಖ ಕಂಡಿತು. ಗದ್ದಕ್ಕೆ ಹಚ್ಚಿದ್ದ ಕ್ರೀಮು ಮಸಿ ಬಳಿದಂತೆ ಕಪ್ಪಾಗಿತ್ತು.

"ಅಯ್ಯೋ ಶಿವನೇ" ಎಂದಳು ಅತ್ತಿಗೆ, ಬಾಯಿಯೊಳಗೇ.

ದೊಡ್ಡಪ್ಪನವರಿಗೆ ಮಾತ್ರ ಸಂತೋಷವಾಯಿತು. "ಒಳ್ಳೆ ಹೊಳಪು. ನಮ್ಮ ಈ ನೀಲಿ ಕಲ್ಲು ಫ್ಲೋರೈಟ್‌ದೇ ಬಣ್ಣ. ಇಲ್ಲಿ ತನ್ನಿ ತಾಯಿ ಕೈನ, ಈ ಕಲ್ಲಿನ ಪಕ್ಕ ಇಡಿ, ಎಲ್ಲಾರೂ ನೋಡ್ಲಿ" ಎಂದರು. ಕೆಟ್ಟತನದಿಂದ ಹೇಳಿದವರಲ್ಲ. ಅವರಿಗೆ ನಾನೂ ಒಂದು ಮಾದರಿ, ಅಷ್ಟೇ. ಕೆನ್ನೆಗೆ ಹೊಡೆಯಬೇಕೆನಿಸಿತು. ಬಾಗಿಲು ಎಲ್ಲಿದೆಯೆಂದು ಹಿಂದೆ ತಿರುಗಿದೆ.

ಆಗ ಅಣ್ಣನ ಮಗಳ ಮೊಣಕೈ ಕಂಡಿತು. ಗಿಡ್ಡ ತೋಳಿನ ಚೂಡಿದಾರ್ ಹಾಕಿದ್ದಳು. ಮೊಣಕೈಯ ಹಿಂಬದಿಯಲ್ಲಿ ಅವರೆಕಾಳಿನಷ್ಟು ಅಗಲದ ಒಂದು ಚುಕ್ಕೆ, ನನ್ನ ಕೈಯದೇ ಬಣ್ಣದಲ್ಲಿ. ಹೊರಗಿನ ಬೆಳಕಿನಲ್ಲಿ ಅಲ್ಲಿ ಏನೂ ಇರಲಿಲ್ಲ. ಬೀಗಿತಿ ಅವಳ ಪಕ್ಕದಲ್ಲೇ ನಿಂತಿದ್ದರು. ಮುಖ ಇನ್ನೊಂದು ಗೇಣು ತಿರುಗಿಸಿದ್ದರೆ ಕಾಣುತ್ತಿತ್ತು.

ನಾನು ಯೋಚಿಸಲಿಲ್ಲ. ಅವಳ ಹೆಗಲ ಮೇಲಿದ್ದ ವೇಲನ್ನು ಅವಳ ತೋಳಿನ ಮೇಲೆ ಎಳೆದು ಬಿಟ್ಟೆ. ಮೇಜಿನ ಹತ್ತಿರ ಹೋಗಿ ಎರಡೂ ಅಂಗೈ ಬೋರಲಾಗಿಸಿ ಕಲ್ಲಿನ ಪಕ್ಕ ಗಾಜಿನ ಮೇಲೆ ಇಟ್ಟೆ. "ನೋಡಿ" ಎಂದೆ. ಬೀಗಿತಿ ನೋಡಿದರು. ಬೆರಳು ಬೆರಳೂ ನೋಡಿದರು. ದೊಡ್ಡಪ್ಪ ಫ್ಲೋರೈಟ್ ಭೂಮಿಯೊಳಗೆ ಹೇಗೆ ಆಗುತ್ತದೆಂದು ವಿವರಿಸತೊಡಗಿದರು. ಆ ವಿವರಣೆ ಮುಗಿಯುವಷ್ಟು ಹೊತ್ತೂ ನಾನು ಕೈ ತೆಗೆಯಲಿಲ್ಲ.

ಹೊರಗೆ ಬಂದ ಮೇಲೆ ಬೀಗಿತಿ ಕೇಳಿದ್ದು ಒಂದೇ ಮಾತು. "ನಿಮ್ಮ ಕಡೆ ಇನ್ನ್ಯಾರಿಗಾದ್ರೂ ಇದೆಯಾ?"

"ಇಲ್ಲ. ನನಗೊಬ್ಬಳಿಗೇ" ಎಂದೆ. ಸುಳ್ಳು ಹೇಳಿದೆ.

ವಾಪಸು ಬರುವಾಗ ಕಾರಿನಲ್ಲಿ ಅತ್ತಿಗೆ ಶಿವಮೊಗ್ಗ ಬರುವವರೆಗೂ ಬೈದಳು. "ಮುಚ್ಕೊಂಡು ಮೂಲೇಲಿ ನಿಂತ್ಕೋಬಾರ್ದಿತ್ತಾ? ಮೇಜಿನ ಮೇಲೆ ಇಟ್ಟು ತೋರಿಸ್ತಾಳೆ, ಪ್ರದರ್ಶನಕ್ಕೆ ಇಟ್ಟಂಗೆ. ನಿನಗೆ ಮದುವೆ ಆಗ್ಲಿಲ್ಲ ಅಂತ ನನ್ನ ಮಗಳಿಗೂ ಆಗ್ಬಾರ್ದಾ ಮಾರಾಯ್ತಿ?" ನಾನು ಆ ಚುಕ್ಕೆಯ ಒಂದು ಮಾತು ಹೇಳಿದ್ದರೆ ಅವಳ ಬಾಯಿ ಮುಚ್ಚುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಹುಡುಗಿ ಪಕ್ಕದಲ್ಲೇ ಕೂತಿದ್ದಳು, ಕಿಟಕಿಯ ಕಡೆ ಮುಖ ಮಾಡಿ. ನುಂಗಿಕೊಂಡೆ.

ಎರಡು ದಿನವಾದ ಮೇಲೆ ಅವಳೇ ಮಹಡಿಗೆ ಬಂದಳು. ಚುಕ್ಕೆಯ ವಿಷಯ ಹೇಗೆ ಹೇಳುವುದೆಂದು ನಾನು ತಡವರಿಸುತ್ತಿದ್ದಾಗ, "ನೋಡ್ದೆ ಅತ್ತೆ. ನೀವು ವೇಲು ಎಳೆದಾಗ್ಲೇ ತಿರುಗಿ ನೋಡ್ದೆ" ಎಂದಳು. ಮಂಚದ ಅಂಚಿನಲ್ಲಿ ಕೂತು, "ಲ್ಯಾಬಲ್ಲಿ ನಾವೂ ಆ ಥರದ ನೇರಳೆ ದೀಪ, ಯುವಿ ದೀಪ ಬಳಸ್ತಿದ್ವಿ. ನಿಮ್ಮ ಕೈ ಹೆಂಗೆ ಕಾಣುತ್ತೆ ಅಂತ ನನಗೆ ಗೊತ್ತಿತ್ತು. ಅದಕ್ಕೇ ಬರ್ಬೇಡಿ ಅಂದೆ. ನನ್ನದು ನನಗೇ ಗೊತ್ತಿರ್ಲಿಲ್ಲ" ಎಂದಳು.

ಬಾಗಿಲ ಬಳಿ ಅವಳ ಕೈ ಕೊಡವಿದ್ದು ನೆನಪಾಗಿ ತಲೆ ಎತ್ತಲಾಗಲಿಲ್ಲ. ಅವಳು ಅದರ ಮಾತು ಎತ್ತಲಿಲ್ಲ.

ಚರ್ಮದ ಡಾಕ್ಟರ ಹತ್ತಿರ ಇಬ್ಬರೂ ಹೋದೆವು. ಅವರು ದೀಪ ಹಿಡಿದು ನೋಡಿ, ಅದೇ ಎಂದರು, ಬೇಗ ಬಂದದ್ದು ಒಳ್ಳೆಯದಾಯಿತು ಎಂದೂ ಹೇಳಿದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತೇ ಅವಳು ಹುಡುಗನಿಗೆ ಫೋನು ಮಾಡಿ ಎಲ್ಲ ಹೇಳಿದಳು. ನಾನು ಬೇಡ ಎಂದೆ. "ಮದುವೆ ಆದ್ಮೇಲೆ ಅವರ ದೊಡ್ಡಪ್ಪ ದೀಪ ಹಾಕಿ ಕಂಡುಹಿಡೀಲಿ ಅಂತೀರಾ?" ಎಂದಳು. ಯೋಚಿಸಿ ಹೇಳುತ್ತೇನೆಂದ ಹುಡುಗ ಮತ್ತೆ ಫೋನು ಮಾಡಲಿಲ್ಲ. ವಾರದ ಮೇಲೆ ಅವನ ತಾಯಿ, ಜಾತಕ ಇನ್ನೊಂದು ಕಡೆ ತೋರಿಸಿದೆವು, ಕೂಡಿ ಬರಲಿಲ್ಲ ಎಂದು ಅಣ್ಣನಿಗೆ ತಿಳಿಸಿದರು.

ಆ ಸಂಜೆ ಹುಡುಗಿ ಡಾಕ್ಟರ ಚೀಟಿಯನ್ನು ತಾಯಿಯ ಮುಂದೆ ಇಟ್ಟಳು. ಅತ್ತಿಗೆ ಚೀಟಿ ಹಿಡಿದುಕೊಂಡೇ ಮಹಡಿ ಹತ್ತಿ ಬಂದಳು.

"ನಿನ್ನಿಂದ್ಲೇ ಬಂತು. ಅವಳನ್ನ ಹತ್ರ ಸೇರಿಸ್ಬೇಡ ಅಂತ ಎಷ್ಟು ಬಡ್ಕೊಂಡೆ."

"ಇನ್ನು ಅವಳ ಲೋಟಾನೂ ಬೇರೆ ಇಡ್ತೀರಾ ಅತ್ತಿಗೆ?" ಎಂದೆ. ಇಷ್ಟು ವರ್ಷ ಬಾಯಿಗೆ ಬಾರದ ಮಾತು.

ಅವಳು ಹೊಸ್ತಿಲಲ್ಲೇ ಕುಸಿದು ಕೂತು ಅತ್ತಳು. ನಾನು ಏಳಿಸಲಿಲ್ಲ, ನೀರು ಕೊಡಲಿಲ್ಲ. ಅವಳು ಅಳುವುದನ್ನು ನೋಡಿ ನನಗೆ ಹಿತವಾಯಿತು. ಆ ಹಿತ ಹುಡುಗಿಯ ಮೈಮೇಲಿನ ಚುಕ್ಕೆಯಿಂದ ಬಂದದ್ದೆಂದು ಹೊಳೆದಾಗ ಅಸಹ್ಯವೂ ಆಯಿತು. ಆದರೂ ಎದ್ದು ಹೋಗಿ ಅವಳ ಪಕ್ಕ ಕೂರಲು ಆಗಲಿಲ್ಲ.

ಈಗ ವಾರಕ್ಕೆರಡು ಸಲ ಹುಡುಗಿಯನ್ನು ಸ್ಕೂಟರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಚುಕ್ಕೆ ದೊಡ್ಡದಾಗಿಲ್ಲ. ಅವಳು ಒಂದು ಕಾಲೇಜಿನಲ್ಲಿ ಪಾಠ ಮಾಡಲು ಸೇರಿದ್ದಾಳೆ, ಆಸ್ಪತ್ರೆಯಿಂದ ನೇರ ಅಲ್ಲಿಗೇ ಹೋಗುತ್ತಾಳೆ, ಗಿಡ್ಡ ತೋಳಿನ ಬಟ್ಟೆಯನ್ನೇ ಹಾಕುತ್ತಾಳೆ. ಅತ್ತಿಗೆ ಮತ್ತು ನನ್ನ ನಡುವೆ ಆ ದಿನದಿಂದ ಮಾತಿಲ್ಲ. ನಾವು ಹೊರಡುವ ಹೊತ್ತಿಗೆ ಅವಳು ಮಗಳ ಊಟದ ಡಬ್ಬಿ ತಂದು ಸ್ಕೂಟರಿನ ಸೀಟಿನ ಮೇಲೆ ಇಡುತ್ತಾಳೆ. ನನ್ನ ಕೈಗೆ ಕೊಡುವುದಿಲ್ಲ. ನಾನೂ ಕೈ ಚಾಚುವುದಿಲ್ಲ.